ಬೀದಿಯದರ್ಧ, ಮನೆಯದರ್ಧ

ರಾತ್ರಿ ಪಾತ್ರೆ ತೊಳೆದಾದ ಮೇಲೆ ನಲ್ಲಿ ಮುಟ್ಟುವಂತಿಲ್ಲ. ನೀರು ಕನಿಷ್ಠ ಆರು ಗಂಟೆ ಪೈಪಿನಲ್ಲೇ ನಿಂತಿರಬೇಕು. ಬೆಳಿಗ್ಗೆ ಎದ್ದವರು ಕಾಫಿಗೆ ನೀರಿಡುವ ಮೊದಲು, ಅಡುಗೆಮನೆ ನಲ್ಲಿಯಿಂದ ಬರುವ ಮೊದಲ ಒಂದು ಲೀಟರನ್ನು ಬಾಟಲಿಯಲ್ಲಿ ಹಿಡಿದು ಕೊಡಬೇಕು. ಕುಡಿಯುವ ನೀರಿನಲ್ಲಿರುವ ಸೀಸ ಮತ್ತು ತಾಮ್ರದ ಬಗ್ಗೆ 1991ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನಿಯಮ ತಂದ ಮೇಲೆ ಅಲ್ಲಿನ ಊರೂರುಗಳಲ್ಲಿ ಹೀಗೆ ನೀರು ಹಿಡಿದರು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಬಾಟಲಿಗಳಲ್ಲಿ ಸೀಸ ಲೀಟರಿಗೆ 15 ಮೈಕ್ರೋಗ್ರಾಂ ದಾಟಿದರೆ ಆ ಊರಿನವರು ಏನಾದರೂ ಮಾಡಲೇಬೇಕಿತ್ತು. ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ 1992ರಲ್ಲಿ ಆ ಲೆಕ್ಕ 16ಕ್ಕೆ ಬಂದು ನಿಂತಿತು.

ಮಿತಿ ಮೀರಿದ್ದು ಒಂದೇ ಮೈಕ್ರೋಗ್ರಾಂ. ಆದರೆ ಅದರಿಂದ ಎದ್ದ ಜಗಳ ಆ ದಶಕ ಪೂರ್ತಿ ನಡೆಯಿತು. ಸೀಸದ ಪೈಪಿನ ಚರಿತ್ರೆಯಲ್ಲಿ, ನಲ್ಲಿ ನೀರಿಗೆ ಸೀಸ ಸೇರಿ ಸುದ್ದಿಯಾದ ಫ್ಲಿಂಟ್ ನಗರದ ಹೆಸರು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲೇ ಸರಿಯಾದ ದಾರಿ ಹಿಡಿದ ಮ್ಯಾಡಿಸನ್ನನ್ನು ಕೇಳುವವರಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ.

ಸೀಸವನ್ನು ಯಾರೂ ಕೆಟ್ಟ ಮನಸ್ಸಿನಿಂದ ಹೂಳಿದ್ದಲ್ಲ. ಅದು ಮೆತ್ತಗಿನ ಲೋಹ, ಬಗ್ಗಿಸಿದಂತೆ ಬಗ್ಗುತ್ತದೆ, ತುಕ್ಕು ಹಿಡಿಯದೆ ದಶಕಗಟ್ಟಲೆ ಬಾಳುತ್ತದೆ. ಬೀದಿಯ ದೊಡ್ಡ ಪೈಪಿನಿಂದ ಮನೆಗೆ ಕನೆಕ್ಷನ್ ಎಳೆಯಲು ಕೆಲಸಗಾರರಿಗೆ ಅದೇ ಇಷ್ಟವಾಗಿತ್ತು. ಶಿಕಾಗೋ ನಗರದಲ್ಲಂತೂ ಇದು ಕಾನೂನೇ ಆಗಿತ್ತು. 1986ರಲ್ಲಿ ದೇಶವೇ ನಿಷೇಧಿಸುವವರೆಗೂ ಅಲ್ಲಿ ಮನೆಗಳಿಗೆ ಸೀಸದ ಪೈಪು ಹಾಕಿಸಲೇಬೇಕಿತ್ತು. ಮಕ್ಕಳ ಮಿದುಳಿಗೆ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂಬುದು ಖಚಿತವಾಗುವ ಹೊತ್ತಿಗೆ ಲಕ್ಷಾಂತರ ಪೈಪುಗಳು ನೆಲದಡಿ ಸೇರಿಹೋಗಿದ್ದವು.

ಇದಕ್ಕೆ ಎಲ್ಲರೂ ಹೇಳುತ್ತಿದ್ದ ಔಷಧಿ ಫಾಸ್ಫೇಟ್. ಅದನ್ನು ನೀರಿಗೆ ಬೆರೆಸಿದರೆ ಪೈಪಿನ ಒಳಗೋಡೆಗೆ ತೆಳುವಾದ ಪದರ ಕಟ್ಟಿ ಸೀಸ ಕರಗುವುದು ತಗ್ಗುತ್ತದೆ. ರಸ್ತೆ ಅಗೆಯಬೇಕಿಲ್ಲ, ಯಾರ ಮನೆ ಬಾಗಿಲನ್ನೂ ತಟ್ಟಬೇಕಿಲ್ಲ. ಆದರೆ ಮ್ಯಾಡಿಸನ್ ಕಟ್ಟಿರುವುದು ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆ. ಬೇಸಿಗೆ ಬಂದರೆ ಆ ಸರೋವರಗಳಲ್ಲಿ ಪಾಚಿಯ ಕಾಟ, ಪಾಚಿಗೆ ಗೊಬ್ಬರ ಫಾಸ್ಫೇಟ್‌ನಲ್ಲಿರುವ ರಂಜಕ. ನಲ್ಲಿ ನೀರಿಗೆ ಹಾಕಿದ ಫಾಸ್ಫೇಟ್ ಹುಲ್ಲುಹಾಸಿಗೆ ಬಿಟ್ಟ ನೀರಿನ ಜೊತೆ ಹರಿದು ಬರುತ್ತದೆ, ಒಳಚರಂಡಿಗೂ ಸೇರುತ್ತದೆ. ಹಾಗೆ ಬಂದದ್ದನ್ನು ಶುದ್ಧೀಕರಣ ಘಟಕದವರು ಮತ್ತೆ ದುಡ್ಡು ಸುರಿದು ತೆಗೆಯಬೇಕು. ಒಂದು ಕಡೆ ಸುರಿಯಲು ಖರ್ಚು, ಇನ್ನೊಂದು ಕಡೆ ಬಳಿಯಲು ಖರ್ಚು. ಸೀಸದ ಪೈಪು ಮಾತ್ರ ಇದ್ದಲ್ಲೇ ಇರುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ರಾಸಾಯನಿಕವನ್ನೇ ಹಾಕಿ ಎನ್ನುತ್ತಿತ್ತು. ಪೈಪನ್ನೇ ಕಿತ್ತು ಹಾಕುತ್ತೇವೆ ಎಂದು ಊರಿನ ಜಲಮಂಡಳಿ ಪಟ್ಟು ಹಿಡಿಯಿತು. ವರ್ಷಗಟ್ಟಲೆ ಪರೀಕ್ಷೆ, ಪತ್ರ, ಸಭೆ ನಡೆದು ಕೊನೆಗೆ ಜಲಮಂಡಳಿಯ ಮಾತೇ ನಿಂತಿತು.

ಆಗ ಎದುರಾದದ್ದು ಹಣದ ಪ್ರಶ್ನೆ. ಬೀದಿಯ ಪೈಪಿನಿಂದ ಫುಟ್‌ಪಾತ್ ಪಕ್ಕದ ವಾಲ್ವಿನವರೆಗೆ ಕನೆಕ್ಷನ್ ಜಲಮಂಡಳಿಯದು. ಅಲ್ಲಿಂದ ಮೀಟರಿನವರೆಗೆ ಮನೆಯವರದು. ಹರಿಯುವುದು ಒಂದೇ ನೀರು, ಪೈಪಿಗೆ ಮಾತ್ರ ಇಬ್ಬರು ಯಜಮಾನರು. ಎಲ್ಲರ ನೀರಿನ ಬಿಲ್ಲಿನಿಂದ ಬಂದ ಹಣವನ್ನು ಒಬ್ಬರ ಖಾಸಗಿ ಜಾಗದಲ್ಲಿ ಖರ್ಚು ಮಾಡಲು ರಾಜ್ಯದ ಸಾರ್ವಜನಿಕ ಸೇವಾ ಆಯೋಗ ಒಪ್ಪಲಿಲ್ಲ. ಹಾಗೆಂದು ತನ್ನ ಅರ್ಧವನ್ನಷ್ಟೇ ಬದಲಿಸಿ ಕೈತೊಳೆದುಕೊಂಡರೆ ಅಪಾಯ ಹೆಚ್ಚು. ಹಳೇ ಪೈಪನ್ನು ಕತ್ತರಿಸುವಾಗ ಒಳಗಿನ ಹಕ್ಕಳೆ ಅಲುಗಿ ನೀರಿಗೆ ಉದುರುತ್ತದೆ. ಹೊಸ ತಾಮ್ರ ಹಳೇ ಸೀಸಕ್ಕೆ ತಾಗಿದ ಜಾಗದಲ್ಲಿ ಸೀಸ ಬೇಗ ಸವೆಯುತ್ತದೆ.

ಈ ಗಂಟು ಬಿಡಿಸಿದ್ದು ಮೊಬೈಲ್ ಫೋನು! ಆ ಕಾಲಕ್ಕೆ ಮೊಬೈಲ್ ಕಂಪನಿಗಳು ಎತ್ತರದ ಜಾಗ ಹುಡುಕುತ್ತಿದ್ದವು. ಜಲಮಂಡಳಿಯ ಬಳಿ ಓವರ್‌ಹೆಡ್ ಟ್ಯಾಂಕುಗಳಿದ್ದವು. ಟ್ಯಾಂಕಿನ ಮೇಲೆ ಆಂಟೆನಾ ಕೂರಿಸಲು ಕಂಪನಿಗಳು ಕೊಡುತ್ತಿದ್ದ ಬಾಡಿಗೆ ನೀರಿನ ಬಿಲ್ಲಿನ ಹಣವಲ್ಲವಲ್ಲ! ಅದರಿಂದ ಮನೆಯವರ ಖರ್ಚಿನ ಅರ್ಧವನ್ನು, ಗರಿಷ್ಠ 1,000 ಡಾಲರಿನವರೆಗೆ, ಹಿಂದಿರುಗಿಸುವುದೆಂದು ಗೊತ್ತಾಯಿತು. ಮನೆಯವರೂ ತಮ್ಮ ಪಾಲನ್ನು ಬದಲಿಸಲೇಬೇಕೆಂದು ನಗರಸಭೆ 2000ದಲ್ಲಿ ಕಾನೂನು ಮಾಡಿತು. 2001ರಲ್ಲಿ ಅಗೆತ ಶುರುವಾಗಿ, ಹನ್ನೊಂದು ವರ್ಷಗಳಲ್ಲಿ ಸುಮಾರು 8,000 ಸೀಸದ ಪೈಪುಗಳು ಹೋಗಿ ತಾಮ್ರ ಬಂತು. ಅಷ್ಟಾದರೂ ಕೆಲವು ಮನೆಗಳಲ್ಲಿ ಸೀಸ ಕೂಡಲೇ ಇಳಿಯಲಿಲ್ಲ. ಬಾವಿ ನೀರಿನ ಮ್ಯಾಂಗನೀಸ್ ಮನೆಯೊಳಗಿನ ಪೈಪುಗಳಿಗೆ ಕಪ್ಪಗೆ ಮೆತ್ತಿಕೊಂಡಿತ್ತು. ಹಿಂದೆ ಹರಿದುಬಂದ ಸೀಸ ಆ ಮಡ್ಡಿಯಲ್ಲಿ ಸಿಕ್ಕಿಕೊಂಡಿದ್ದು, ವರ್ಷಗಳವರೆಗೆ ಸ್ವಲ್ಪಸ್ವಲ್ಪವೇ ಬಿಡುತ್ತಿತ್ತು.

ಇದೇ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 2000ದಲ್ಲಿ ಅಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಬಳಸತೊಡಗಿದ ಮೇಲೆ ಪೈಪುಗಳೊಳಗಿನ ಹಕ್ಕಳೆ ಕರಗಿ ನೀರಿನಲ್ಲಿ ಸೀಸ ಏರಿತು. 2004ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬರುವವರೆಗೂ ಬಹುಪಾಲು ಜನರಿಗೆ ಇದರ ಸುಳಿವೇ ಇರಲಿಲ್ಲ. ಆಮೇಲೆ ಗಾಬರಿಯಿಂದ ಅಗೆದರು. ಸಾವಿರಾರು ಮನೆಗಳಲ್ಲಿ ಬದಲಾದದ್ದು ಬೀದಿಯ ಕಡೆಯ ಅರ್ಧ ಮಾತ್ರ. ಅಷ್ಟೊಂದು ಹಣ ಸುರಿದೂ ಮಕ್ಕಳ ಲೋಟಕ್ಕೆ ಸೀಸ ಬರುವುದು ನಿಲ್ಲಲಿಲ್ಲ. ಮ್ಯಾಡಿಸನ್‌ನವರು ಲೆಕ್ಕ ಹಾಕಿ ಬಿಟ್ಟ ದಾರಿಯನ್ನೇ ದೇಶದ ರಾಜಧಾನಿ ಹಿಡಿದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಪೂರ್ತಿ ಪೈಪು ತೆಗೆಯುವುದು ಅಸಾಧ್ಯವೆನ್ನುವವರಿಗೆ 2019ರ ನಂತರ ನ್ಯೂಅರ್ಕ್ ನಗರ ಉತ್ತರ ಕೊಟ್ಟಿತು. ಕೌಂಟಿ ಸರ್ಕಾರ ಸಾಲಪತ್ರದ ಮೂಲಕ 12 ಕೋಟಿ ಡಾಲರ್ ಒದಗಿಸಿತು, ಮನೆಯವರಿಂದ ಒಂದು ಕಾಸೂ ಕೇಳಲಿಲ್ಲ. ಮಾಲೀಕ ಸಿಗದಿದ್ದರೂ ಕೆಲಸ ನಿಲ್ಲದಂತೆ ಕಾನೂನು ಮಾಡಿ, ಸುಮಾರು ಮೂರು ವರ್ಷಗಳಲ್ಲಿ 23,000ದಷ್ಟು ಪೈಪುಗಳನ್ನು ಬದಲಿಸಿದರು.

2024ರ ಅಕ್ಟೋಬರಿನಲ್ಲಿ ಬಂದ ಕೇಂದ್ರದ ಹೊಸ ನಿಯಮ ಬಹುತೇಕ ಊರುಗಳಿಗೆ ಹತ್ತು ವರ್ಷದ ಗಡುವು ಕೊಟ್ಟಿದೆ. ಪೈಪನ್ನು ಪೂರ್ತಿ ಬದಲಿಸಬೇಕು ಎನ್ನುತ್ತದೆ, ಮನೆಯವರ ಅರ್ಧಕ್ಕೆ ಊರೇ ದುಡ್ಡು ಕೊಡಬೇಕು ಎನ್ನುವುದಿಲ್ಲ. ಮ್ಯಾಡಿಸನ್‌ನಿಂದ ಕಾರಿನಲ್ಲಿ ಮೂರು ಗಂಟೆಯೂ ಹಿಡಿಯದ ಶಿಕಾಗೋದಲ್ಲಿ ಸುಮಾರು 4 ಲಕ್ಷ ಸೀಸದ ಪೈಪುಗಳಿವೆ. ಆಂಟೆನಾ ಬಾಡಿಗೆ ಅಷ್ಟಕ್ಕೆಲ್ಲ ಸಾಲದು. ಕಾನೂನು ಮಾಡಿ ಹೂಳಿಸಿದವರೇ ಅದನ್ನು ಕೀಳಿಸುವ ಪೂರ್ತಿ ಖರ್ಚನ್ನೂ ಹೊರಬೇಕು.