ಗೂಡು ಕಟ್ಟದ ಹುಳು

ನಮ್ಮ ಕೋಲಾರ ಸೀಮೆಗೆ ಚಿನ್ನ, ಹಾಲು, ರೇಷ್ಮೆಯ ನಾಡು ಎಂಬ ಹೆಸರಿದೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಹಾಲು, ರೇಷ್ಮೆ ಉಳಿದಿವೆ. ಮಕ್ಕಳೇ, ಇವತ್ತು ರೇಷ್ಮೆ ಹುಳುವಿನ ಮೈಯೊಳಗೆ ನಡೆಯುವ ಒಂದು ವ್ಯವಹಾರ ಹೇಳುತ್ತೇನೆ. ಹುಳು ಸಾಕಿದ ಅಜ್ಜಿ ತಾತ ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ನಾನು ಬಿಟ್ಟದ್ದನ್ನು ಅವರು ಸೇರಿಸುತ್ತಾರೆ.

ಹುಳು ಸುಮಾರು ಇಪ್ಪತ್ತೈದು ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ನಡುವೆ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನಿದ್ದು, ಹಳೇ ಚರ್ಮ ಕಳಚುತ್ತದೆ. ಇದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ಹಸಿವೋ ಹಸಿವು. ರಾತ್ರಿ ಹುಳುಮನೆಗೆ ಹೋದರೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಆಮೇಲೆ ಹುಳು ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ.

ಈಗ ಜ್ವರ, ಈಗ ಹಣ್ಣು ಎಂದು ಹುಳುವಿಗೆ ಹೇಳುವವರು ಯಾರು? ಹಾರ್ಮೋನುಗಳು. 1940ರ ಸುಮಾರಿಗೆ ಜಪಾನಿನ ಫುಕುಡ ಎಂಬ ವಿಜ್ಞಾನಿ ಹುಳುವಿನ ಮೈಗೆ ದಾರ ಬಿಗಿದು ಕಟ್ಟಿ ನೋಡಿದರು. ಮುಂಭಾಗ ಪ್ಯೂಪವಾಯಿತು, ಹಿಂಭಾಗ ಹುಳುವಾಗಿಯೇ ಉಳಿಯಿತು. ಎದೆಯ ಗ್ರಂಥಿಯೊಂದನ್ನು ಹಿಂಭಾಗಕ್ಕೆ ಕಸಿ ಮಾಡಿದಾಗ ಅದೂ ಬದಲಾಯಿತು. ಆಜ್ಞೆ ಹೊರಡುವ ಜಾಗ ಸಿಕ್ಕಿತು. 1954ರಲ್ಲಿ ಜರ್ಮನಿಯ ಬುಟೆನಾಂಡ್ಟ್ ಮತ್ತು ಕಾರ್ಲ್‌ಸನ್ 500 ಕಿಲೊ ರೇಷ್ಮೆ ಪ್ಯೂಪದಿಂದ ಆ ಹಾರ್ಮೋನನ್ನು ಬೇರ್ಪಡಿಸಿದರು. ಸಿಕ್ಕಿದ್ದು 25 ಮಿಲಿಗ್ರಾಂ! ಹೆಸರು ಎಕ್ಡೈಸೋನ್. ಲೆಕ್ಕ ಹಾಕಿ ನೋಡಿ, ಎರಡು ಕೋಟಿಗೆ ಒಂದು ಪಾಲು. ನಮ್ಮ ಗಣಿ ಮುಚ್ಚುವ ಕಾಲಕ್ಕೂ ಒಂದು ಟನ್ ಕಲ್ಲಿಗೆ ಮೂರು ನಾಲ್ಕು ಗ್ರಾಂ ಚಿನ್ನ ಬರುತ್ತಿತ್ತು.

ಹುಳುವಿನಲ್ಲಿ ಇನ್ನೊಂದು ಹಾರ್ಮೋನಿದೆ, ಎಳೆತನದ ಹಾರ್ಮೋನು. ಅದು ಇರುವ ತನಕ ‘ಇನ್ನೂ ತಿನ್ನು, ಇನ್ನೂ ಬೆಳೆ’ ಎಂದೇ ಆಜ್ಞೆ. ಕೊನೆಯ ಹಂತದಲ್ಲಿ ಹುಳುವಿನ ಮೈಯೇ ಅದನ್ನು ಒಡೆದು ಖಾಲಿ ಮಾಡುತ್ತದೆ. ಆಗ ಎಕ್ಡೈಸೋನ್ ಏರಿ ಗೂಡಿನ ಕೆಲಸ ಶುರು.

ಜೀವಕೋಶ ಈ ಆಜ್ಞೆಯನ್ನು ಗುರುತಿಸುವುದು ಹೇಗೆ? ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಹೀಗೆ ಹೇಳುವುದು ಸುಲಭ. ಚೆಕ್ ಬಂದರೆ ಮಾದರಿ ಸಹಿಯೊಂದಿಗೆ ತಾಳೆ ನೋಡುತ್ತೇವೆ. ಜೀವಕೋಶದಲ್ಲಿ ಆ ಕೆಲಸ ಗ್ರಾಹಕ ಪ್ರೋಟೀನಿನದು. ಆಕಾರ ಹೊಂದಿದರೆ ಪಾಸು. ಆದರೆ ಹೊಂದುವ ಆಕಾರದ ರಾಸಾಯನಿಕವನ್ನು ಮನುಷ್ಯ ತಯಾರಿಸಿದರೆ? ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಅಂಥದ್ದು. ಎಳೆತನದ ಹಾರ್ಮೋನಿನ ಸಹಿಯನ್ನೇ ಹಾಕುತ್ತದೆ. ನಿಜವಾದ ಹಾರ್ಮೋನನ್ನು ಒಡೆದಷ್ಟು ಸುಲಭವಾಗಿ ಹುಳು ಇದನ್ನು ಒಡೆಯಲಾರದು. ಇದೇ ಜಾತಿಯ ಫೆನಾಕ್ಸಿಕಾರ್ಬ್‌ನಿಂದ 1990ರ ಆಸುಪಾಸು ಇಟಲಿಯಲ್ಲೂ ಹುಳುಗಳು ಗೂಡು ಕಟ್ಟಲಿಲ್ಲ.

ಕೆಲವು ವರ್ಷದ ಹಿಂದೆ ಬಂಗಾರಪೇಟೆ ಕಡೆಯ ಹಳ್ಳಿಯೊಂದರಲ್ಲಿ ಪರಿಚಯದ ರೈತರೊಬ್ಬರ ಹುಳುಮನೆ ನೋಡಿದೆ. ಹುಳು ದಪ್ಪಗೆ, ನೋಡಲು ಚೆಂದ. ಆದರೆ ಹನ್ನೆರಡು ದಿನವಾದರೂ ಹಣ್ಣಾಗಲಿಲ್ಲ. ತಿಂದವು, ತಿಂದವು, ಕೊನೆಗೆ ಸತ್ತವು. ಕೂಲಿ, ಸೊಪ್ಪು, ಚಾಕಿ ಸಾಲ ಎಲ್ಲ ಗುಂಡಿಗೆ ಹೋಯಿತು. ಪಕ್ಕದ ಟೊಮೆಟೊ ತೋಟಕ್ಕೆ ಬಿಳಿನೊಣದ ಔಷಧಿ ಹೊಡೆದಿದ್ದರಂತೆ. ಹೊಡೆದವರದ್ದೂ ತಪ್ಪೆನ್ನಲಾರೆ, ಅವರಿಗೂ ಬೆಳೆ ಉಳಿಯಬೇಕಲ್ಲ.

ಹಿಂದಿನವರು ಅನುಮಾನದ ಸೊಪ್ಪನ್ನು ಮೊದಲು ನಾಲ್ಕು ಹುಳುವಿಗೆ ಹಾಕಿ ನೋಡುತ್ತಿದ್ದರು. ಸಾಯದಿದ್ದರೆ ಸೊಪ್ಪು ಒಳ್ಳೆಯದು. ಈ ವಿಷಕ್ಕೆ ಆ ಪರೀಕ್ಷೆ ನಡೆಯದು, ಹುಳು ಅವತ್ತು ಸಾಯುವುದೇ ಇಲ್ಲ. ಅದಕ್ಕೇ ಆ ರೈತರು ಈಗ ಸೊಪ್ಪು ಕೊಯ್ಯುವ ಮುಂಚೆ ಪಕ್ಕದ ತೋಟಕ್ಕೆ ಹೋಗಿ, ಏನು ಹೊಡೆದಿರಿ, ಯಾವತ್ತು ಹೊಡೆದಿರಿ ಎಂದು ಕೇಳುತ್ತಾರೆ. ಡಬ್ಬಿಯ ಮೇಲಿನ ಸಣ್ಣಕ್ಷರ ಅವರ ಕಣ್ಣಿಗೆ ಕಾಣದು. ಓದಿ ಹೇಳುವವಳು ಏಳನೇ ಕ್ಲಾಸಿನ ಮೊಮ್ಮಗಳು.