ಮಗಳ ಬಟ್ಟೆಗೆ ಯಾವ ನಂಬರು?

ಆಷಾಢ ಮಾಸ. ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು. ಗುಂಡ್ಲುಪೇಟೆ ಕಡೆಯಿಂದಲೂ ಜನ ಬರುತ್ತಾರೆ. ತೇರು ನೋಡಿ ಬಟ್ಟೆ ಅಂಗಡಿಗೂ ಹೋಗುತ್ತಾರೆ. ಅಂಥ ಒಂದು ಅಂಗಡಿಯಲ್ಲಿ ನಾವು ಕಂಡದ್ದು ಇದು.

ಒಬ್ಬ ತಾಯಿ ಮಗಳನ್ನು ಕರೆತಂದಿದ್ದರು. ಮಗಳಿಗೆ 15 ವರ್ಷ. ತಾಯಿ ಎಂದಿನಂತೆ ಮಕ್ಕಳ ಬಟ್ಟೆ ಕೇಳಿದರು. 15-16 ಎಂದು ಬರೆದ ಚೂಡಿದಾರ ಬಂತು. ಹುಡುಗಿ ಹಾಕಿ ನೋಡಿದಳು. ಎದೆಯ ಹತ್ತಿರ ಬಿಗಿ. ಕೈ ಎತ್ತಲು ಆಗಲಿಲ್ಲ.

"ಏನವ್ವ, ಇಷ್ಟು ದಪ್ಪ ಆಗ್ಬುಟ್ಟಿದ್ದೀಯಲ್ಲ!" ಎಂದರು ತಾಯಿ.

ಸುತ್ತ ಹತ್ತಾರು ಜನ. ಹುಡುಗಿ ತಲೆ ಬಗ್ಗಿಸಿದಳು. "ನಂಗೆ ಬಟ್ಟೆನೇ ಬ್ಯಾಡ, ನಡಿಯವ್ವ" ಎಂದಳು.

ನಾವು ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿದೆವು. ಹುಡುಗಿ ದಪ್ಪ ಆಗಿರಲಿಲ್ಲ. ಬೆಳೆದಿದ್ದಳು, ಅಷ್ಟೆ. ಕೇಳಿದ ಬಟ್ಟೆಯೇ ತಪ್ಪು.

ಮಕ್ಕಳ ಬಟ್ಟೆಗೆ ವಯಸ್ಸೇ ಲೆಕ್ಕ. ಆ ಬಟ್ಟೆ ಎದೆಯಿಂದ ಸೊಂಟದವರೆಗೆ ಒಂದೇ ಸಮ ಇಳಿಯುತ್ತದೆ. ಹುಡುಗಿ ಬೆಳೆದಂತೆ ಎದೆ ತುಂಬುತ್ತದೆ. ಸೊಂಟದ ಕೆಳಗೆ ಅಗಲವಾಗುತ್ತದೆ. ಕೆಲವರಿಗೆ ಇದು 13ಕ್ಕೆ, ಕೆಲವರಿಗೆ 16ಕ್ಕೆ. ಆಗ ಹೆಂಗಸರ ಬಟ್ಟೆ ಬೇಕು. ಅಲ್ಲಿ ವಯಸ್ಸು ಲೆಕ್ಕಕ್ಕಿಲ್ಲ. ಎದೆಯ ಸುತ್ತಳತೆ ಎಷ್ಟು ಇಂಚು ಎಂಬುದೇ ಲೆಕ್ಕ.

ಆ ಬಟ್ಟೆಯ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ. ಹೆದರಬೇಡಿ. ಹಾವಿನಂತೆ ಬಳುಕಿದ್ದರೆ ಅದು 'ಎಸ್', ಚಿಕ್ಕದು. ಎರಡು ಬೆಟ್ಟ ಒತ್ತಾಗಿ ನಿಂತಂತಿದ್ದರೆ 'ಎಂ', ನಡುವಿನದು. ನಿಂತ ಕೋಲಿನ ಬುಡಕ್ಕೆ ಅಡ್ಡ ಕೋಲು ಇದ್ದರೆ 'ಎಲ್', ದೊಡ್ಡದು. ಅದರ ಎಡಕ್ಕೆ ತೆರೆದ ಕತ್ತರಿಯಂಥ ಗುರುತಿದ್ದರೆ 'ಎಕ್ಸ್ ಎಲ್', ಇನ್ನೂ ದೊಡ್ಡದು. ಬಹಳ ಕಡೆ ಎಸ್ ಎಂದರೆ 36, ಎಂ 38, ಎಲ್ 40, ಎಕ್ಸ್ ಎಲ್ 42.

ಆದರೆ ಎಲ್ಲ ಕಡೆ ಹಾಗಿಲ್ಲ. ಗುಂಡ್ಲುಪೇಟೆಯಲ್ಲಿ ಹೂ ಕೊಳ್ಳುತ್ತೇವಲ್ಲ, ಒಬ್ಬಾಕೆಯ ಮೊಳ ಉದ್ದ, ಇನ್ನೊಬ್ಬಾಕೆಯ ಮೊಳ ಗಿಡ್ಡ. ಬಟ್ಟೆಯ ನಂಬರೂ ಹಾಗೆಯೇ. ಒಂದು ಕಂಪನಿ ಮೈಯ ಅಳತೆ ಬರೆಯುತ್ತದೆ. ಇನ್ನೊಂದು ಬಟ್ಟೆಯ ಅಳತೆ ಬರೆಯುತ್ತದೆ. ನಮ್ಮ ದೇಶದ ಜನರ ಮೈಗೆ ಹೊಂದುವ ಒಂದೇ ಲೆಕ್ಕ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಸಾವಿರಾರು ಜನರ ಅಳತೆ ತೆಗೆಯುವ ಕೆಲಸ ಕೈಗೊಂಡಿತು. ನಾವಂತೂ ಟೇಪನ್ನೇ ನಂಬೋಣ.

ಮನೆಯಲ್ಲೇ ಅಳೆಯಿರಿ. ಎದೆ ತುಂಬಿರುವ ಕಡೆ ಟೇಪು ಸುತ್ತಿ. ಬೆನ್ನಿನ ಕಡೆ ಜಾರಬಾರದು, ಬಿಗಿಯಲೂ ಬಾರದು. ಟೇಪು ಇಲ್ಲವೇ? ದಾರ ಸುತ್ತಿ ಗಂಟು ಹಾಕಿ, ಟೈಲರ್ ಹತ್ತಿರ ಅಳೆಸಿ. ಮೈ 34 ಇಂಚು ಇದ್ದರೆ ಬಟ್ಟೆ 36, 37 ಇರಬೇಕು. ಉಸಿರಾಡಲು, ಕೂರಲು ಆ ಎರಡು ಮೂರು ಇಂಚು ಬೇಕು. ಅಂಗಡಿಯಲ್ಲಿ ಬಟ್ಟೆಯನ್ನು ಹಾಸಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಅಳೆಯಿರಿ. 18 ಬಂದರೆ ಎರಡರಷ್ಟು, 36. ಒಳಗಡೆ ಹೊಲಿಗೆಯ ಪಕ್ಕ ಬಟ್ಟೆ ಬಿಟ್ಟಿದ್ದಾರಾ ನೋಡಿ. ಬಿಟ್ಟಿದ್ದರೆ ಬರುವ ವರ್ಷ ಬಿಚ್ಚಿ ಸಡಿಲ ಮಾಡಿಸಬಹುದು. ಒಂದು ಜೊತೆಯ ದುಡ್ಡು ಉಳಿಯುತ್ತದೆ!

ಒಳ ಉಡುಪಿಗೂ ಅಳತೆ ಉಂಟು. ಅದರ ನಂಬರು ಎದೆಯ ಕೆಳಗಿನ ಸುತ್ತಳತೆಗೆ ಸೇರಿದ್ದು. ಎ, ಬಿ, ಸಿ ಎಂಬ ಅಕ್ಷರ ಎದೆ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಬಿಗಿಯಾದದ್ದು ಹಾಕಿದರೆ ಮೈ ಗಾಯವಾಗುತ್ತದೆ. ನಾಚಿಕೆಗೆ ಎಷ್ಟೋ ಹುಡುಗಿಯರು ಹೇಳುವುದಿಲ್ಲ, ಬೆನ್ನು ಬಗ್ಗಿಸಿ ನಡೆಯುತ್ತಾರೆ. ಅಂಗಡಿಯಲ್ಲಿ ಜೋರಾಗಿ ಕೇಳಲು ಸಂಕೋಚವೇ? ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ. ಬರೆಯಲು ಈಗ ನಮಗೆ ಬರುತ್ತದಲ್ಲ!

ಆ ಹುಡುಗಿಗೆ ಎಸ್ ಬಿಗಿಯಾಯಿತು. ಎಂ ಸರಿಹೋಯಿತು. ಎರಡು ಕೈ ಮೇಲೆತ್ತಿ ಅವ್ವನಿಗೆ ತೋರಿಸಿದಳು. ತಾಯಿ ನಕ್ಕರು. ತಮಗೂ ಒಂದು ನೈಟಿ ಕೇಳಿದರು. ಅಂಗಡಿಯವರು ಚೀಟಿ ನೋಡಲು ಹೋದಾಗ, "ಕೊಡಿ ಇತ್ಲಾಗೆ, ನಾನೇ ಓದ್ತೀನಿ" ಎಂದರು.