ಮರಗೆಲಸಕ್ಕೆ ಮೊದಲು ಒಂದು ಗಟ್ಟಿ ಮೇಜು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳಲ್ಲಿ ಈಗ ವಿದ್ಯುತ್ತಿನ ಕೈಯಂತ್ರಗಳಿಗೆ ಕೊರತೆಯಿಲ್ಲ. ತೂತು ಕೊರೆಯುವ ಡ್ರಿಲ್, ಹಲಗೆ ಸೀಳುವ ಚಕ್ರದ ಗರಗಸ, ಹೆರೆಯುವ ಪ್ಲೇನರ್, ಎಲ್ಲದಕ್ಕೂ ಆಗುತ್ತದೆ ಎಂದು ತಂದಿಟ್ಟ ಗ್ರೈಂಡರ್, ಇವುಗಳಲ್ಲಿ ಎರಡಾದರೂ ಇಲ್ಲದ ಮನೆ ಅಪರೂಪ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಹಾರೆಗೊಂದು ಕಾವು ಹಾಕಿಸಬೇಕು, ಪಂಪ್ ಶೆಡ್ಡಿನ ಬಾಗಿಲು ಕಳಚಿದೆ, ಜೇನುಪೆಟ್ಟಿಗೆಯ ಅಡಿಹಲಗೆ ಹೋಗಿದೆ ಎಂದು ಆಚಾರಿಗಳಿಗೆ ಹೇಳಿ ಕಳುಹಿಸಿದರೆ ಅವರಾದರೂ ಏನು ಮಾಡಿಯಾರು? ಹೊಸ ಮನೆಗಳ ಕೆಲಸವೇ ಅವರಿಗೆ ಕೈತುಂಬ ಉಂಟು. ಒಂದು ಗಂಟೆಯ ಕೆಲಸಕ್ಕಾಗಿ ಅವರು ಒಂದು ದಿನ ಕಳೆಯುವುದು ನ್ಯಾಯವೂ ಅಲ್ಲ. ಆದುದರಿಂದ ನಮ್ಮ ಸದಸ್ಯರಲ್ಲಿ ಅನೇಕರು ಸಣ್ಣಪುಟ್ಟ ಮರಗೆಲಸವನ್ನು ಸ್ವತಃ ಮಾಡಿಕೊಳ್ಳಲು ಹೊರಟಿದ್ದಾರೆ. ಇದು ಸಂತೋಷದ ವಿಷಯವೇ ಸರಿ.

ಆದರೆ ಯಂತ್ರಗಳು ಬಂದಷ್ಟು ಸುಲಭವಾಗಿ ಅವುಗಳನ್ನು ಇಟ್ಟು ಕೆಲಸ ಮಾಡುವ ಮೇಜು ಮನೆಗೆ ಬಂದಿಲ್ಲ. ಜಗಲಿಯ ಅಂಚಿನಲ್ಲೋ ಅಂಗಳದ ಕಲ್ಲಿನ ಮೇಲೋ ಹಲಗೆಯನ್ನಿಟ್ಟು, ಎಡಗಾಲಿನಿಂದ ಒತ್ತಿ ಹಿಡಿದು, ಬಲಗೈಯಲ್ಲಿ ಗರಗಸದ ಗುಂಡಿ ಅದುಮುವುದನ್ನು ಕಂಡಾಗ ನೋಡುವವರ ಎದೆ ಝಲ್ಲೆನ್ನುತ್ತದೆ.

ನೆಲದ ಮೇಲೆ ಕುಳಿತು ಮರಗೆಲಸ ಮಾಡುವುದೇ ತಪ್ಪೆಂದು ಯಾರೂ ಭಾವಿಸಬಾರದು. ನಮ್ಮ ಆಚಾರಿಗಳು ತಲೆತಲಾಂತರದಿಂದ ಹಾಗೆಯೇ ಮಾಡಿದ್ದಾರೆ. ಅವರ ಕಾಲಿನ ಹೆಬ್ಬೆರಳು, ಹಿಮ್ಮಡಿ, ಮೊಣಕಾಲುಗಳೇ ಅವರ ವೈಸ್. ಬಾಚಿ, ಉಳಿ, ಕೀಸುಳಿಗಳಿಂದ ಅವರು ಕೆತ್ತಿದ ಬಾಗಿಲ ದಾರಂದಗಳು ಇಂದಿಗೂ ಅಲುಗಾಡದೆ ನಿಂತಿವೆ. ಜಪಾನಿನ ಬಡಗಿಗಳು ಕೂಡ ನೆಲಕ್ಕೆ ಹತ್ತಿರವೇ ಕುಳಿತು, ಕೀಸುಳಿಯನ್ನು ತಮ್ಮ ಕಡೆಗೆ ಎಳೆದು ಹೆರೆಯುತ್ತಾರೆ. ಈ ಪದ್ಧತಿಯ ಜೀವಾಳ ಒಂದೇ: ಕೈಯ ಹತ್ಯಾರು ಕೈ ನಿಂತೊಡನೆ ನಿಲ್ಲುತ್ತದೆ. ಯಂತ್ರ ಹಾಗಲ್ಲ. ಪ್ಲೇನರಿನ ಅಲಗು ನಿಮಿಷಕ್ಕೆ 15,000ಕ್ಕೂ ಹೆಚ್ಚು ಸುತ್ತು, ನಾಲ್ಕಿಂಚಿನ ಗ್ರೈಂಡರ್ 11,000 ಸುತ್ತು, ಏಳಿಂಚಿನ ಗರಗಸ ಸುಮಾರು 5,000 ಸುತ್ತು ತಿರುಗುತ್ತವೆ. ಹಲಗೆ ತುಸು ಜಾರಿ ಅಲಗನ್ನು ಕಚ್ಚಿತೆಂದರೆ ಯಂತ್ರ ಹಿಂದಕ್ಕೆ ಹಾರುತ್ತದೆ. ಹಿಂದೆ ಇರುವುದು ನಮ್ಮದೇ ತೊಡೆ. ಪೇಟೆಯ ಆಸ್ಪತ್ರೆಯಿಂದ ಹದಿನೈದು ಇಪ್ಪತ್ತು ಮೈಲು ಒಳಗಿರುವ ನಮ್ಮಂಥವರು ಇದನ್ನು ಎರಡು ಬಾರಿ ಯೋಚಿಸತಕ್ಕದ್ದು. ಅದೂ ಅಲ್ಲದೆ ಐವತ್ತು ದಾಟಿದ ಮೇಲೆ ಕುಕ್ಕುರುಗಾಲಿನಲ್ಲಿ ಅರ್ಧ ಗಂಟೆ ಕುಳಿತು ಏಳುವ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಇನ್ನೊಂದು ಯಂತ್ರಕ್ಕೆ ಹಣ ಹಾಕುವ ಮೊದಲು ಒಂದು ಮೇಜು ಮಾಡಿಕೊಳ್ಳಿರೆಂದು ಹೇಳಬಯಸುತ್ತೇನೆ. ಊಟದ ಮೇಜಿನಂಥದ್ದಲ್ಲ, ದೂಡಿದರೆ ಕದಲದ, ಬಡಿದರೆ ಪುಟಿಯದ ಮೇಜು. ಫ್ರಾನ್ಸ್ ದೇಶದ ಆಂದ್ರೆ ರೂಬೊ ಎಂಬ ಬಡಗಿಯು 1769ರಿಂದ ಪ್ರಕಟಿಸತೊಡಗಿದ ಗ್ರಂಥದಲ್ಲಿ ಇಂಥ ಮೇಜಿನ ಚಿತ್ರ ಕೊಟ್ಟಿದ್ದಾನೆ. ದಪ್ಪನೆಯ ಮೇಲ್ಹಲಗೆ, ನಾಲ್ಕು ಚೌಕ ಕಾಲುಗಳು, ಕೆಳಗೆ ಅಡ್ಡಪಟ್ಟಿ, ಇಷ್ಟೇ. ಮುಂದಿನ ಕಾಲುಗಳು ಮೇಲ್ಹಲಗೆಯ ಅಂಚಿಗೆ ಸಮನಾಗಿ ನಿಂತಿರುತ್ತವೆ, ಹಲಗೆಯ ಅಂಚು ಕೀಸುವಾಗ ಅದನ್ನು ಕಾಲಿಗೇ ಆನಿಸಿ ಬಿಗಿಯಬಹುದು. ಇನ್ನೂರೈವತ್ತು ವರ್ಷಗಳ ನಂತರವೂ ಈ ನಮೂನೆಯನ್ನು ಮೀರಿಸಿದ್ದು ವಿಶೇಷವೇನೂ ಬಂದಿಲ್ಲ.

ಇನ್ನು ಮರದ ವಿಷಯ. ಇದಕ್ಕಾಗಿ ಹೊಸ ಮರ ಕಡಿಸುವ ಅಗತ್ಯ ಬಹಳ ಮಂದಿಗೆ ಬೀಳದು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ತರುವಾಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿಗೆ ತಿರುಗಿದವು. ಹಂಚಿನ ಭಾರ ತಡೆಯಲು ತೊಲೆ, ಪಕ್ಕಾಸು, ರೀಪುಗಳು ಬಂದವು. ಆ ಮನೆಗಳಲ್ಲಿ ಎಷ್ಟೋ ಇಂದು ಕೆಡವಲ್ಪಡುತ್ತಿವೆ, ಅವುಗಳ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಿವೆ. ಕಿರಾಲುಬೋಗಿಯ, ಹೆಬ್ಬಲಸಿನ, ಹಲಸಿನ ಆ ಹಳೆಯ ತೊಲೆಗಳು ಐವತ್ತು ನೂರು ಮಳೆಗಾಲ ಕಂಡು ಒಣಗಿದವು. ಇನ್ನು ಅವು ಡೊಂಕಾಗಲಾರವು, ಸೀಳಲಾರವು. ಅಂಥವನ್ನು ಬಚ್ಚಲೊಲೆಗೆ ಕೊಡುವುದು ಪಾಪವೆಂದೇ ನನ್ನ ಅಭಿಪ್ರಾಯ. ಆದರೆ ಮಿಲ್ಲಿಗೆ ಒಯ್ಯುವ ಮೊದಲು ಪ್ರತಿಯೊಂದು ಮೊಳೆಯನ್ನೂ ಕಿತ್ತಿರಬೇಕು. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು ಮಿಲ್ಲಿನ ಗರಗಸದ ಹಲ್ಲು ಉದುರಿಸಲು. ಮುಂದಿನ ಸಲ ಅವರು ನಿಮ್ಮ ಮರವನ್ನು ಇಳಿಸಿಕೊಳ್ಳಲಿಕ್ಕಿಲ್ಲ.

ಭತ್ತದ ಬೇಸಾಯ ನಿಂತ ಮನೆಗಳಲ್ಲಿ ಪತ್ತಾಯಗಳು ಖಾಲಿ ಬಿದ್ದಿವೆ. ಅವುಗಳ ಅಗಲವಾದ ಹಲಸಿನ ಹಲಗೆಗಳ ಮೇಲೆ ಯಾರಿಗೂ ಕಣ್ಣು ಹೋಗುವುದು ಸಹಜ. ಕೀಲು ಸಡಿಲಿ ಬಿದ್ದುಹೋಗುವಂತಿದ್ದರೆ ಬಿಚ್ಚಿ ಉಪಯೋಗಿಸಬಹುದು. ಗಟ್ಟಿಯಾಗಿದ್ದರೆ ದಯವಿಟ್ಟು ಗರಗಸ ಹಾಕಬೇಡಿ. ಸೊಂಟದೆತ್ತರದ ಪತ್ತಾಯವಾದರೆ ಅದರ ಮೇಲೆ ಎರಡಿಂಚಿನ ಹಲಗೆಯೊಂದನ್ನು ಬೋಲ್ಟಿನಿಂದ ಬಿಗಿದರೆ ಅದೇ ಒಂದು ಮೇಜಾಯಿತು, ಹತ್ಯಾರುಗಳಿಗೆ ಒಳಗೆ ಜಾಗವೂ ಆಯಿತು.

ಹಳೆಯ ಮರ ಇಲ್ಲದವರಿಗೆ ಹಲಸು ಉತ್ತಮ. ತಿರುಳು ಗೆದ್ದಲನ್ನು ಬಲ್ಲಷ್ಟು ತಡೆಯುತ್ತದೆ, ಕೀಸಲು ಮೆದು. ಕಡಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. 1976ರ ವೃಕ್ಷ ಸಂರಕ್ಷಣಾ ಕಾಯಿದೆಯು ನಮ್ಮ ಪಟ್ಟಾ ಜಾಗದ ಮರಗಳಿಗೂ ಅನ್ವಯಿಸುತ್ತದೆ. ಸೀಳಿದ ಹಲಗೆಗಳ ಎರಡೂ ತುದಿಗೆ ಹಳೆಯ ಪೈಂಟು ಬಳಿದು, ನಡುನಡುವೆ ಅಡಿಕೆ ಸಲಕೆಯ ತುಂಡುಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿಡಬೇಕು. ಎರಡೂವರೆ ಇಂಚಿನ ಹಲಗೆಗೆ ಒಂದು ಪೂರ್ತಿ ವರ್ಷವಾದರೂ ಬೇಕು. ಸುಳ್ಯ, ಕಡಬದ ಕಡೆ ಮರುನಾಟಿಗೆಂದು ಕಡಿದ ರಬ್ಬರ್ ಮರ ಅಗ್ಗಕ್ಕೆ ಸಿಗುತ್ತದೆ. ಕಡಿದ ಕೆಲವೇ ದಿನಗಳೊಳಗೆ ಬೋರಿಕ್ ಆಮ್ಲ, ಬೊರಾಕ್ಸ್ ದ್ರಾವಣದಿಂದ ಸಂಸ್ಕರಿಸದೆ ಹೋದರೆ ಅದು ನೀಲಿಗಟ್ಟಿ, ಕುಟ್ಟೆ ಹಿಡಿದು ಹಿಟ್ಟಾಗಿ ಉದುರುತ್ತದೆ. ಹಾಗೆಯೇ ತಂದ ರಬ್ಬರ್ ಮರ ಮೇಜಿಗೆ ಬೇಡ.

ಎತ್ತರವೇ ಮೇಜಿನ ಮುಖ್ಯ ಅಳತೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟು, ಅಂಗೈಯನ್ನು ನೆಲಕ್ಕೆ ಸಮನಾಗಿ ಮಡಚಿದಾಗ ಅಂಗೈ ಎಲ್ಲಿ ಬರುತ್ತದೋ ಅಲ್ಲಿಗೆ ಮೇಲ್ಹಲಗೆಯ ಮೇಲ್ಮೈ ಬರಬೇಕು. ಐದೂವರೆ ಅಡಿ ಎತ್ತರದವರಿಗೆ ಇದು 32 ಇಂಚಿನ ಆಸುಪಾಸು. ಇದಕ್ಕಿಂತ ಎತ್ತರವಾದರೆ ಕೀಸುವಾಗ ಮೈಭಾರ ಬೀಳುವುದಿಲ್ಲ, ತೋಳು ಮಾತ್ರ ದಣಿಯುತ್ತದೆ. ತಗ್ಗಾದರೆ ಸೊಂಟ ಕೇಳುತ್ತದೆ. ಉದ್ದ 6 ಅಡಿ, ಅಗಲ 22 ಇಂಚು, ಮೇಲ್ಹಲಗೆಯ ದಪ್ಪ 2½ ಇಂಚು ಇರಲಿ. ಕಾಲುಗಳು 4 ಇಂಚು ಚೌಕ, 30 ಇಂಚು ಉದ್ದ. ಅಡ್ಡಪಟ್ಟಿಗಳು 4 ಇಂಚಿಗೆ 2 ಇಂಚು. ಲೆಕ್ಕ ಹಾಕಿದರೆ ನಾಲ್ಕು ಘನ ಅಡಿಗೆ ತುಸು ಹೆಚ್ಚು ಮರ, ಹಾಳಾಗುವುದನ್ನು ಸೇರಿಸಿ ಐದೂವರೆ ಘನ ಅಡಿ ಹಿಡಿದರೆ ಸಾಕು. ಹಲಸಿನದ್ದಾದರೆ ಮೇಜು ಎಪ್ಪತ್ತು ಕಿಲೋದಷ್ಟು ತೂಗೀತು. ಈ ಭಾರವೇ ನಮಗೆ ಬೇಕಾದದ್ದು. ಹಗುರವಾಯಿತೆಂದು ಕಂಡರೆ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ ನಾಲ್ಕು ಕೆಂಪುಕಲ್ಲು ಇಟ್ಟರಾಯಿತು.

ಪಟ್ಟಣಗಳಿಗಾಗಿ ಬರೆದ ಪುಸ್ತಕಗಳಲ್ಲಿ ಹೇಳದ ಸಂಗತಿಯೊಂದು ನಮ್ಮಲ್ಲಿ ಉಂಟು, ಅದು ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಸುರಿಯುವ ಈ ಸೀಮೆಯಲ್ಲಿ ಮರವು ಜೂನ್‌ನಿಂದ ಸಪ್ಟೆಂಬರಿನವರೆಗೆ ಉಬ್ಬುತ್ತದೆ, ಮಾರ್ಚ್ ಏಪ್ರಿಲಿನಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ಅಗಲಕ್ಕೆ. 22 ಇಂಚು ಅಗಲದ ಹಲಗೆಯನ್ನು ನಾಲ್ಕೂ ಕಡೆ ಸ್ಕ್ರೂ ಹೊಡೆದು ಬಂಧಿಸಿದರೆ ಆಟಿಯಲ್ಲಿ ಬೆನ್ನು ಎತ್ತಿಕೊಳ್ಳುತ್ತದೆ, ಬೇಸಗೆಯಲ್ಲಿ ಸೀಳಿಬಿಡುತ್ತದೆ. ಆದುದರಿಂದ ಹತ್ತೂವರೆ ಇಂಚಿನ ಎರಡು ಹಲಗೆಗಳನ್ನು ನಡುವೆ ಒಂದಿಂಚು ತೆರವು ಬಿಟ್ಟು ಕೂರಿಸಿ. ಒಂದೊಂದು ಹಲಗೆಯನ್ನೂ ಹೊರಅಂಚಿನ ಕಡೆ ಮಾತ್ರ ಬಿಗಿಯಾಗಿ ಬೋಲ್ಟು ಮಾಡಿ, ಒಳಗಿನ ಕಡೆಯ ಬೋಲ್ಟಿಗೆ ಅಡ್ಡಪಟ್ಟಿಯಲ್ಲಿ ಉದ್ದನೆಯ ತೂತು ಕೊಡಿ. ಮರ ಉಬ್ಬಿದಾಗ ಒಳಕ್ಕೆ ಸರಿಯಲು ದಾರಿಯಾಯಿತು. ಆ ತೆರವಿನಲ್ಲಿ ಉಳಿಗಳನ್ನು ಇಳಿಬಿಡಬಹುದು, ಕ್ಲಾಂಪಿನ ಬಾಯಿ ತೂರಿಸಬಹುದು, ಕಸ ಕೆಳಗೆ ಬೀಳುತ್ತದೆ.

ಕಾಲು ಮತ್ತು ಅಡ್ಡಪಟ್ಟಿಗಳನ್ನು ಮೊಳೆಯಿಂದ ಜೋಡಿಸಬಾರದು. ಕಾಲಿನಲ್ಲಿ ಚೌಕ ತೂತು ಕೊರೆದು, ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಸೇರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುವುದೇ ಸರಿಯಾದ ಕ್ರಮ. ಗೂಟದ ತೂತನ್ನು ಕಾಲಿನಲ್ಲಿರುವುದಕ್ಕಿಂತ ನಾಲಗೆಯಲ್ಲಿ ಒಂದು ದಾರದೆಳೆಯಷ್ಟು ಒಳಕ್ಕೆ, ಹೆಗಲಿನ ಕಡೆಗೆ ಇಟ್ಟರೆ ಗೂಟ ಇಳಿದಂತೆ ಸಂದು ಎಳೆದು ಕೂರುತ್ತದೆ, ಅಂಟು ಬೇಡ. ಇದೊಂದು ಕೆಲಸಕ್ಕೆ ಊರ ಆಚಾರಿಗಳನ್ನು ಒಂದು ದಿನದ ಮಟ್ಟಿಗೆ ಕರೆಸಿ, ಜತೆಯಲ್ಲಿ ನಿಂತು ಕಲಿತುಕೊಂಡರೆ ಆ ಸಂಬಳ ದಂಡವಲ್ಲ. ಜೋಡಣೆಯ ಕೆಲಸ ಏಪ್ರಿಲ್ ಮೇ ತಿಂಗಳಲ್ಲಿ ಮುಗಿಯಲಿ. ಮರ ಆಗ ಅತಿ ಹೆಚ್ಚು ಒಣಗಿರುತ್ತದೆ; ಮಳೆಗೆ ಉಬ್ಬಿದಾಗ ಸಂದು ಇನ್ನಷ್ಟು ಬಿಗಿಯುತ್ತದೆ. ಆಟಿಯಲ್ಲಿ ಬಿಗಿಯಾಗಿ ಕೂರಿಸಿದ ಸಂದು ಸುಗ್ಗಿಗೆ ಲೊಡಲೊಡ ಎನ್ನುತ್ತದೆ.

ಹಿಡಿಯುವ ಸಾಧನಗಳಿಗೆ ಬರೋಣ. ಮುಂದಿನ ಎಡಗಾಲಿನ ಪಕ್ಕ ಒಂಬತ್ತಿಂಚಿನ ಬಡಗಿ ವೈಸ್ ಒಂದನ್ನು ಬೋಲ್ಟು ಮಾಡಿ, ಅದರ ಕಬ್ಬಿಣದ ದವಡೆಗಳಿಗೆ ಮರದ ತುಂಡು ಹೊದಿಸಿ. ಪೈಪು ಹಿಡಿಯುವ ವೈಸ್ ಮರವನ್ನು ಕಚ್ಚಿ ಗಾಯ ಮಾಡುತ್ತದೆ, ಅದು ಬೇರೆ ಕೆಲಸಕ್ಕಿರಲಿ. ಮೇಲ್ಹಲಗೆಯ ಎಡತುದಿಯಲ್ಲಿ ಚೌಕ ತೂತು ಕೊರೆದು, ಬೇಕಾದಷ್ಟು ಮೇಲೇಳುವ ಒಂದು ಗೂಟ ಇಟ್ಟರೆ ಕೀಸುವ ಹಲಗೆಗೆ ತಡೆಯಾಗುತ್ತದೆ. ಇನ್ನೂ ಮುಖ್ಯವಾದದ್ದು ಮೊಣಕಾಲೆತ್ತರದ ಎರಡು ಕುದುರೆಗಳು. ಉದ್ದನೆಯ ಪಕ್ಕಾಸನ್ನು ಮೇಜಿನ ಮೇಲೆ ಕೊಯ್ಯಲಾಗದು. ಈ ಕುದುರೆಗಳ ಮೇಲಿಟ್ಟು ಮೊಣಕಾಲಿನಿಂದ ಒತ್ತಿ ಕೈಗರಗಸದಲ್ಲಿ ಕೊಯ್ಯಬಹುದು. ಯಂತ್ರದ ಗರಗಸವಾದರೆ ಮೊಣಕಾಲು ಬೇಡ, ಎರಡು ಕ್ಲಾಂಪು ಬಿಗಿಯಲೇಬೇಕು. ಕೊಡತಿಗೆ ಹಳೆಯ ಕಾಫಿ ಗಿಡದ ಬುಡ ಬಹಳ ಒಳ್ಳೆಯದು. ಗಿಡ ಬದಲಿಸುವ ಕೊಡಗಿನ ನೆಂಟರಲ್ಲಿ ಕೇಳಿದರೆ ಇಲ್ಲವೆನ್ನಲಾರರು.

ಜಾಗಕ್ಕೆ ಅನೇಕರು ಖಾಲಿ ಹಟ್ಟಿಯನ್ನು ಆರಿಸುತ್ತಾರೆ. ಗಾಳಿ ಬೆಳಕು ಇದ್ದರೆ ಆಗಬಹುದು, ಆದರೆ ಗಂಜಲ ಇಂಗಿದ ಗೋಡೆಯ ಬುಡ ಮಳೆಗಾಲದಲ್ಲಿ ಬೆವರುತ್ತದೆ. ಹತ್ಯಾರು ತೂಗಹಾಕುವ ಹಲಗೆಯನ್ನು ಗೋಡೆಗೆ ನೇರವಾಗಿ ಹೊಡೆಯದೆ, ನಡುವೆ ಒಂದಿಂಚಿನ ರೀಪು ಕೊಟ್ಟು ಬಿಗಿಯಬೇಕು. ಕಪಾಟಿನ ತಟ್ಟುಗಳಿಗೆ ಹಲಗೆಗಿಂತ ಅಡಿಕೆ ಸಲಕೆಯೇ ಮೇಲು. ಸಂದುಗಳಲ್ಲಿ ಗಾಳಿಯಾಡಿ ಬೂಸು ಹಿಡಿಯುವುದಿಲ್ಲ, ಖರ್ಚೂ ಇಲ್ಲ. ಹಳದಿ ಎಲೆ ರೋಗದಿಂದ ಮರ ಕಡಿಯಬೇಕಾಗಿ ಬಂದ ಸುಳ್ಯದ ಸದಸ್ಯರಲ್ಲಿ ಬಲಿತ ಮರದ ಸಲಕೆಗೆ ಬರವಿಲ್ಲ ಎಂಬುದು ದುಃಖದ ಮಾತಾದರೂ ನಿಜ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೋರ್ಡೋ ಸಿಂಪಡಣೆಗೆ ತಂದ ಮೈಲುತುತ್ತನ್ನು, ಪೊಟಾಷನ್ನು, ಯೂರಿಯವನ್ನು ಹತ್ಯಾರುಗಳ ಕೋಣೆಯಲ್ಲಿ ಖಂಡಿತ ಇಡಬೇಡಿ. ತೇವದ ಗಾಳಿಯಲ್ಲಿ ಇವುಗಳ ಹುಡಿ ಕಬ್ಬಿಣವನ್ನು ತಿನ್ನುತ್ತದೆ. ಒಂದೇ ಮಳೆಗಾಲ ಸಾಕು, ಕೀಸುಳಿಯ ಅಲಗು ಕೆಂಪಾಗಿ ಕುಳಿ ಬೀಳಲು.

ವಿದ್ಯುತ್ತಿನ ಬಗ್ಗೆ: ಈ ಕೋಣೆಯ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಇರಲೇಬೇಕು. ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ. ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಚಕ್ರ ಹಾಕಿ ಉಪಯೋಗಿಸುವ ಚಾಳಿ ಹಬ್ಬುತ್ತಿದೆ. ಅಂಗಡಿಯಲ್ಲಿ ಸಿಗುತ್ತದೆಂಬ ಮಾತ್ರಕ್ಕೆ ಅದು ಯೋಗ್ಯವಲ್ಲ. ಮುಂಡು, ಲುಂಗಿ ಉಟ್ಟು ಯಂತ್ರದ ಹತ್ತಿರ ಹೋಗಬಾರದು, ಚಡ್ಡಿಯೇ ಆದೀತು. ಕಣ್ಣಿಗೆ ಕನ್ನಡಕ ಬೇಕು.

ಕೊನೆಗೆ ಮೇಜಿನ ಕಾಲುಗಳು. ಮಣ್ಣಿನ ನೆಲವಾದರೆ ಪ್ರತಿಯೊಂದು ಕಾಲಿನ ಕೆಳಗೂ ಕರಿಗಲ್ಲಿನ ತುಂಡು ಇಡಿ, ಗೆದ್ದಲು ಏರಿದರೆ ಕೂಡಲೇ ಕಾಣುತ್ತದೆ. ಕಾಲಿನ ಕೆಳಗಿನ ಒಂದು ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬಹುದು. ಹಿಂದಿನವರು ಮಾಡಿನ ಮರಗಳಿಗೆ ಬಳಿಯುತ್ತಿದ್ದುದು ಅದನ್ನೇ. ಆದರೆ ಅದು ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ಕೈಗೆ ರಬ್ಬರ್ ಗವಸು ಹಾಕಿ. ಮೇಲ್ಹಲಗೆಗೆ ಅದು ಸರ್ವಥಾ ಬೇಡ, ಅಗಸೆ ಎಣ್ಣೆಯನ್ನು ಒರೆಸಿದರೆ ಸಾಕು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡದೆ ಅಂಗಳದಲ್ಲಿ ಹರಡಿ ಒಣಗಿಸಿ. ಮುದ್ದೆಯಾಗಿ ಬಿದ್ದ ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುವುದುಂಟು.